ಚುಟ್ಟದ ಪೆಟ್ಟಿಗೆಯೊಳಗಣ ಗಾಳಿ



ಈ ಹೊತ್ತು ನಾನು ನಿವೇದಿಸಬೇಕೆಂದಿರುವುದು ಒಂದು ಪೆಟ್ಟಿಗೆಯೊಳಗಣ ಗಾಳಿಯ ವಿಷಯ. ಪೆಟ್ಟಿಗೆ ದೊಡ್ಡದಲ್ಲ, ಒಂದು ಮೊಳ ಉದ್ದ, ಒಂದು ಗೇಣು ಅಗಲ. ನನ್ನ ಸ್ನೇಹಿತರೊಬ್ಬರ ತಂದೆಯವರು ಬಿಟ್ಟುಹೋದದ್ದು. ಆ ಹಿರಿಯರು ಸಕಲೇಶಪುರದ ಕಡೆ ಕಾಫಿತೋಟದಲ್ಲಿದ್ದವರು. ಸಂಜೆಗೊಂದು ಚುಟ್ಟ ಸೇದುವ ಅಭ್ಯಾಸ ಅವರಿಗಿತ್ತು. ವೈದ್ಯರು ಬೇಡವೆಂದ ದಿನವೇ ಬಿಟ್ಟರು. ಆದರೆ ಪೆಟ್ಟಿಗೆಯಲ್ಲಿ ಉಳಿದಿದ್ದ ಹದಿನೆಂಟು ಚುಟ್ಟಗಳನ್ನು ಯಾರಿಗೂ ಕೊಡಲಿಲ್ಲ, ಎಸೆಯಲೂ ಇಲ್ಲ. ಭಾನುವಾರ ಬೆಳಿಗ್ಗೆ ಮುಚ್ಚಳ ತೆರೆದು ಒಮ್ಮೆ ಪರಿಮಳ ನೋಡಿ ಮುಚ್ಚಿಬಿಡುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಪೆಟ್ಟಿಗೆ ಮೈಸೂರಿಗೆ ಬಂದಿತು. ನನ್ನ ಸ್ನೇಹಿತರು ಹೊಗೆಸೊಪ್ಪನ್ನು ಮುಟ್ಟಿದವರಲ್ಲ. ಆದರೂ ತಂದೆಯವರು ಇಟ್ಟಂತೆಯೇ ಅದನ್ನು ಇಡಬೇಕೆಂದು ಅವರ ಆಸೆ. ಒಳಗೆ ಒಂದು ಚೂರು ಸ್ಪಂಜನ್ನು ನೀರಿನಲ್ಲಿ ನೆನೆಸಿ ಮುಚ್ಚಳಕ್ಕೆ ಸಿಕ್ಕಿಸಿ, ಪೆಟ್ಟಿಗೆಯನ್ನು ಗೋಡೆಯ ಬೀರುವಿನಲ್ಲಿಟ್ಟರು. ಶ್ರಾವಣದಲ್ಲಿ ತೆರೆದು ನೋಡಿದರೆ ಏಳು ಚುಟ್ಟಗಳ ಮೇಲೆ ಬಿಳಿಯ ಬೂಷ್ಟು ಕವಿದಿತ್ತು.

ಅವರು ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ನನ್ನಲ್ಲಿಗೆ ಬಂದರು. “ನೀವು ಹುಡುಗರಿಗೆ ಭೌತಶಾಸ್ತ್ರ ಹೇಳಿದವರು. ಒಳಗೆ ಗಾಳಿಯಾಡದೆ ಹೀಗಾಯಿತೆಂದು ಎಲ್ಲರೂ ಹೇಳುತ್ತಾರೆ. ಒಂದು ಪುಟ್ಟ ವಿದ್ಯುತ್ ಬೀಸಣಿಗೆಯನ್ನು ಇಟ್ಟುಬಿಟ್ಟರೆ ಉಳಿದ ಹನ್ನೊಂದಾದರೂ ಉಳಿದಾವೆ?” ಎಂದು ಕೇಳಿದರು. ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಕಲಿತದ್ದನ್ನೇ ಈಗ ತಮ್ಮ ಮುಂದಿಡುತ್ತೇನೆ. ಧೂಮಪಾನವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಚುಟ್ಟದ ಹೊಗೆಯನ್ನು ಎದೆಗೆ ಎಳೆದುಕೊಳ್ಳದಿದ್ದರೂ ಬಾಯಿ ಗಂಟಲುಗಳ ಹುಣ್ಣಿಗೆ ಅದು ಕಾರಣವಾಗುವುದು ಸಿದ್ಧವಾದ ವಿಷಯ. ಆದರೆ ಒಂದು ಎಲೆಯನ್ನು ಕೆಡದಂತೆ ಕಾಪಾಡುವ ವಿದ್ಯೆಯನ್ನು, ಎಲೆಯ ಗುಣದೋಷಗಳನ್ನು ಪಕ್ಕಕ್ಕಿಟ್ಟು ವಿಚಾರಮಾಡಬಹುದಷ್ಟೆ.

ಇಂತಹ ಪೆಟ್ಟಿಗೆಗೆ ಹ್ಯೂಮಿಡಾರ್ ಎಂದು ಹೆಸರು. ಇದರ ಅವಶ್ಯಕತೆ ಹುಟ್ಟಿದ್ದು ಚುಟ್ಟ ಹುಟ್ಟಿದ ನಾಡಿನಲ್ಲಲ್ಲ. ಕ್ಯೂಬಾ ದ್ವೀಪದ ಪಶ್ಚಿಮದ ಅಂಚಿನಲ್ಲಿ ಪಿನಾರ್ ದೆಲ್ ರೀಯೋ ಎಂಬ ಪ್ರಾಂತ. ಅಲ್ಲಿನ ವುವೆಲ್ತಾ ಅಬಾಹೋ ಎಂಬ ಸೀಮೆಯ ಕೆಂಪುಮಣ್ಣಿನಲ್ಲಿ ಬೆಳೆದ ಎಲೆ ಲೋಕಪ್ರಸಿದ್ಧವಾದುದು. ಆ ಎಲೆಯನ್ನು ಹವಾನಾ ನಗರದ ಕಾರ್ಖಾನೆಗಳಲ್ಲಿ ಕೈಯಿಂದಲೇ ಸುತ್ತುತ್ತಾರೆ. ಕೆಲಸಗಾರರು ಸುತ್ತುತ್ತಿರುವಾಗ ಎತ್ತರದ ಪೀಠದಲ್ಲಿ ಒಬ್ಬನು ಕುಳಿತು ಪತ್ರಿಕೆಗಳನ್ನೂ ಕಾದಂಬರಿಗಳನ್ನೂ ಗಟ್ಟಿಯಾಗಿ ಓದಿ ಹೇಳುವ ಪದ್ಧತಿ ೧೮೬೫ರಲ್ಲಿ ಅಲ್ಲಿ ಆರಂಭವಾಯಿತು. ನಮ್ಮ ಬಾನುಲಿಗೆ ಹಿರಿಯಣ್ಣನೆಂದು ಆ ಓದುಗನನ್ನು ಕರೆಯಬಹುದೋ ಏನೋ! ಇರಲಿ. ಹವಾನಾ ಕಡಲತೀರದ ಊರು. ಅಲ್ಲಿನ ಗಾಳಿಯ ಆರ್ದ್ರತೆ ಸರಾಸರಿಯಲ್ಲಿ ಶೇಕಡ ೭೦ಕ್ಕಿಂತ ಹೆಚ್ಚು. ಎಲೆಗೆ ತಕ್ಕ ತೇವವನ್ನು ಊರೇ ಕೊಡುತ್ತದೆ. ಅದೇ ಚುಟ್ಟವು ಲಂಡನ್ನಿಗೋ ಜಿನೀವಕ್ಕೋ ಹೋಗಿ, ಚಳಿಗಾಲದಲ್ಲಿ ಬೆಂಕಿ ಕಾಯಿಸಿದ ಕೋಣೆಯೊಳಗೆ ಒಂದು ವಾರ ಬಿದ್ದಿದ್ದರೆ ಹಪ್ಪಳದಂತೆ ಒಡೆಯುತ್ತದೆ. ಆದಕಾರಣ ಹವಾನಾದ ಹವೆಯನ್ನು ಒಂದು ಪೆಟ್ಟಿಗೆಯಲ್ಲಿ ಕಟ್ಟಿಡುವ ಉಪಾಯವನ್ನು ಯೂರೋಪಿನವರು ಹುಡುಕಿಕೊಂಡರು.

ಆರ್ದ್ರತೆಯೆಂದರೇನೆಂಬುದನ್ನು ಸ್ವಲ್ಪ ಬಿಡಿಸಿಕೊಳ್ಳಬೇಕು; ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ೨೧ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಒಂದು ಲೀಟರ್ ಗಾಳಿ ಹೆಚ್ಚೆಂದರೆ ಸುಮಾರು ೧೮ ಮಿಲಿಗ್ರಾಂ ನೀರಾವಿಯನ್ನು ಹೊರಬಲ್ಲದು. ಅದರಲ್ಲಿ ೧೩ ಮಿಲಿಗ್ರಾಂ ಮಾತ್ರ ಇದ್ದರೆ ಆರ್ದ್ರತೆ ಶೇಕಡ ೭೦ರಷ್ಟೆಂದು ಹೇಳುತ್ತೇವೆ. ಹಾಗಾದರೆ ಇಪ್ಪತ್ತು ಲೀಟರಿನ ಪೆಟ್ಟಿಗೆಯೊಳಗಣ ಗಾಳಿಯಲ್ಲಿರುವ ಒಟ್ಟು ನೀರು ಕಾಲು ಗ್ರಾಂ, ನಾಲ್ಕೈದು ಹನಿ, ಅಷ್ಟೇ. ಆದರೆ ಹದವಾದ ಚುಟ್ಟವೊಂದರ ತೂಕದಲ್ಲಿ ಹತ್ತರಲ್ಲೊಂದು ಭಾಗಕ್ಕೂ ಮಿಗಿಲಾಗಿ ನೀರಿರುವುದು. ಹತ್ತು ಗ್ರಾಂ ತೂಗುವ ಐವತ್ತು ಚುಟ್ಟಗಳಿದ್ದರೆ ಅವುಗಳೊಳಗೆ ಐವತ್ತು ಗ್ರಾಮಿಗೂ ಹೆಚ್ಚು ನೀರಾಯಿತು, ಗಾಳಿಯಲ್ಲಿರುವುದರ ಇನ್ನೂರರಷ್ಟು! ಎಂದಮೇಲೆ ಪೆಟ್ಟಿಗೆಯಲ್ಲಿ ನೀರಿನ ಭಂಡಾರ ಎಲೆಯೇ, ಅದರ ಸುತ್ತಣ ಮರವೇ. ಗಾಳಿ ಬರಿಯ ಓಲೆಕಾರ. ಒಂದೆಡೆಯಿಂದ ತೇವವನ್ನು ತೆಗೆದುಕೊಂಡು ಇನ್ನೊಂದೆಡೆಗೆ ಮುಟ್ಟಿಸುವುದಷ್ಟೇ ಅದರ ಕೆಲಸ.

ಇದನ್ನರಿತರೆ ಕೆಲವು ಭಯಗಳು ತಾವಾಗಿ ಹೋಗುತ್ತವೆ. ಮುಚ್ಚಳ ತೆರೆದರೆ ತೇವವೆಲ್ಲ ಹಾರಿಹೋದೀತೆಂದು ಹೆದರಿ ವರ್ಷಗಟ್ಟಲೆ ತೆರೆಯದಿರುವವರುಂಟು. ತೆರೆದಾಗ ಹೋಗುವುದು ಆ ನಾಲ್ಕೈದು ಹನಿ. ಮುಚ್ಚಿದ ಸ್ವಲ್ಪ ಹೊತ್ತಿನಲ್ಲೇ ಎಲೆ ಅದನ್ನು ತುಂಬಿಕೊಡುತ್ತದೆ. ಇದಕ್ಕೆ ಎದುರಾದ ತಪ್ಪೂ ಉಂಟು. ಒಣಗಿದ ಚುಟ್ಟಗಳನ್ನು ಒಳಗಿಟ್ಟು, ಮರುದಿನ ಮಾಪಕದ ಮುಳ್ಳು ೭೦ಕ್ಕೆ ಬಂದುದನ್ನು ನೋಡಿ ಎಲ್ಲವೂ ಸರಿಹೋಯಿತೆಂದು ತಿಳಿಯುವರು. ಸರಿಹೋದದ್ದು ಗಾಳಿ ಮಾತ್ರ. ಎಲೆಯೊಳಗಿನ ಎಲೆಗೆ ತೇವ ತಲುಪಲು ವಾರಗಳು ಬೇಕು. ಅವಸರಪಟ್ಟು ನೀರು ಹೆಚ್ಚಿಸಿದರೆ ಒಳತುಂಬಿನ ಎಲೆ ಉಬ್ಬಿ, ಹೊರಹೊದಿಕೆಯ ನವುರಾದ ಎಲೆ ಸೀಳುತ್ತದೆ.

ಇನ್ನು ಗಾಳಿಯಾಡುವ ಮಾತು. ನಿಂತ ಗಾಳಿಯಲ್ಲಿಯೂ ನೀರಾವಿ ತಾನಾಗಿ ಹರಡುತ್ತದೆ. ಆದರೆ ಅದರ ನಡಿಗೆಯ ಲೆಕ್ಕ ವಿಚಿತ್ರ. ಹತ್ತು ಸೆಂಟಿಮೀಟರ್ ದೂರ ಹರಡಿ ಸಮವಾಗಲು ಸುಮಾರು ಆರೇಳು ನಿಮಿಷ ಸಾಕು. ಒಂದು ಮೀಟರಿಗೆ? ದೂರ ಹತ್ತರಷ್ಟಾದರೆ ಕಾಲ ನೂರರಷ್ಟು. ಹನ್ನೊಂದು ಗಂಟೆ ಬೇಕಾಗುವುದು. ನಡುವೆ ಚುಟ್ಟಗಳನ್ನು ಒತ್ತಾಗಿ ಜೋಡಿಸಿದ್ದರೆ ದಾರಿಯಲ್ಲಿ ಅವು ಆವಿಯನ್ನು ಹೀರುತ್ತ ಹೋಗುವುದರಿಂದ ದಿನಗಳೇ ಹಿಡಿದಾವು. ಆದ್ದರಿಂದ ಮೇಜಿನ ಮೇಲಿಡುವ ಸಣ್ಣ ಪೆಟ್ಟಿಗೆಗೆ ಬೀಸಣಿಗೆ ಬೇಡವೇ ಬೇಡ. ಆಳೆತ್ತರದ ಬೀರುವಿಗಾದರೆ ಬೇಕು. ಅಂಗಡಿಯವರ ಕೋಣೆಗಳಿಗೆ ಇನ್ನೂ ಬೇಕು.

ಅಮೆರಿಕದ ಅಧ್ಯಕ್ಷ ಕೆನಡಿಯವರು ೧೯೬೨ರಲ್ಲಿ ಕ್ಯೂಬಾದೊಡನೆ ವ್ಯಾಪಾರವನ್ನು ನಿಷೇಧಿಸುವ ಆಜ್ಞೆಗೆ ರುಜು ಹಾಕುವ ಮುನ್ನ, ತಮಗಾಗಿ ೧೨೦೦ ಚುಟ್ಟಗಳನ್ನು ತರಿಸಿಕೊಂಡರೆಂದು ಅವರ ಪತ್ರಿಕಾಕಾರ್ಯದರ್ಶಿ ಸ್ಯಾಲಿಂಜರ್ ಮುಂದೆ ಬರೆದಿದ್ದಾರೆ. ರಾಜನೀತಿಯ ಮಾತು ಹೇಗಾದರೂ ಇರಲಿ, ಹನ್ನೆರಡು ನೂರನ್ನು ಹದವಾಗಿ ಇಡುವುದು ಹನ್ನೊಂದನ್ನು ಇಡುವುದಕ್ಕಿಂತ ಬೇರೆಯೇ ಲೆಕ್ಕ.

ಇಲ್ಲಿ ಒಂದು ವಿಷಯ ಅನೇಕರಿಗೆ ಆಶ್ಚರ್ಯವಾಗಿ ತೋರೀತು. ತೇವವಾದ ಗಾಳಿ ಭಾರವಾದುದೆಂದೂ ಅದು ಕೆಳಗೆ ತಂಗುವುದೆಂದೂ ಸಾಮಾನ್ಯ ನಂಬಿಕೆ. ಮುಚ್ಚಳದ ಒಳಗಡೆ ಸ್ಪಂಜನ್ನು ಸಿಕ್ಕಿಸುವವರು ಈ ನಂಬಿಕೆಯಿಂದಲೇ ಸಮಾಧಾನಪಡುವುದುಂಟು. ನಿಜ ಇದಕ್ಕೆ ವಿರುದ್ಧ. ನೀರಾವಿಯ ಅಣುವಿನ ತೂಕ ೧೮. ಒಣಗಾಳಿಯ ಸರಾಸರಿ ೨೯. ಆದುದರಿಂದ ಒಂದೇ ಉಷ್ಣತೆಯಲ್ಲಿ ತೇವದ ಗಾಳಿಯೇ ಹಗುರವಾದುದು, ಮೇಲೇರುವಂತಹುದು. ನೀರಿನ ಪಾತ್ರೆಯನ್ನು ತಳದಲ್ಲಿಟ್ಟರೆ ಆವಿ ತಾನೇ ಮೇಲೇರಿ ಮಂದವಾದ ಒಂದು ಸಂಚಾರವುಂಟಾಗುವುದು. ಆದರೆ ಈ ಶಕ್ತಿ ಬಹಳ ಬಡವಾದುದು. ಶೇಕಡ ೬೦ಕ್ಕೂ ೭೦ಕ್ಕೂ ಇರುವ ತೂಕದ ವ್ಯತ್ಯಾಸವನ್ನು ಕಾಲು ಡಿಗ್ರಿ ಉಷ್ಣತೆಯ ವ್ಯತ್ಯಾಸ ಅಳಿಸಿಹಾಕುತ್ತದೆ. ಪೆಟ್ಟಿಗೆಯೊಳಗೆ ಗಾಳಿಯನ್ನು ನಡೆಸುವ ಯಜಮಾನ ತೇವವಲ್ಲ, ಬಿಸಿ ತಂಪುಗಳು.

ಆರ್ದ್ರತೆಯ ಯಜಮಾನನೂ ಬಹುಮಟ್ಟಿಗೆ ಅದೇ. ೨೧ ಡಿಗ್ರಿಯಲ್ಲಿ ಶೇಕಡ ೭೦ ತೋರಿಸುವ ಗಾಳಿಯನ್ನು, ನೀರನ್ನು ಹೆಚ್ಚಿಸದೆ ತಗ್ಗಿಸದೆ, ೨೨ಕ್ಕೆ ಕಾಯಿಸಿದರೆ ೬೬, ೨೩ಕ್ಕೆ ೬೨. ಅದನ್ನೇ ೧೮ಕ್ಕೆ ತಣಿಸಿದರೆ ೮೪! ಇನ್ನೂ ತಣಿಸಿ ೧೫ರ ಹತ್ತಿರಕ್ಕೆ ತಂದರೆ ಹನಿಗಟ್ಟುವುದು. ವಿದ್ಯುತ್ತಿನಿಂದ ತಂಪುಮಾಡುವ ಬೀರುಗಳನ್ನು ಈಗ ಮಾರುತ್ತಾರೆ. ಅವುಗಳಲ್ಲಿ ತಣ್ಣನೆಯ ತಗಡಿನ ಮೇಲೆ ನೀರು ಕಟ್ಟಿ ಹಿಂದುಗಡೆ ಸೋರಿಹೋಗಿ ಒಳಗೆಲ್ಲ ಒಣಗುವುದಕ್ಕೆ ಇದೇ ಕಾರಣ. ಮನೆಯ ರೆಫ್ರಿಜರೇಟರಿನಲ್ಲಿ ಕೊತ್ತಂಬರಿಸೊಪ್ಪನ್ನು ಬಿಚ್ಚಿಟ್ಟರೆ ಏನಾಗುವುದೆಂದು ಮನೆಯಲ್ಲಿ ವಿಚಾರಿಸಿದರೆ ತಿಳಿಯುತ್ತದೆ.

ಈಗ ಸ್ನೇಹಿತರ ಪೆಟ್ಟಿಗೆಗೆ ಬರೋಣ. ನಾನು ಮೊದಲು ಕೇಳಿದ್ದು ಬೂಷ್ಟು ಹಿಡಿದ ಏಳೂ ಎಲ್ಲಿದ್ದವೆಂದು. ಸ್ಪಂಜಿಗೆ ಹತ್ತಿರವಾಗಿದ್ದವೇ ಕೆಟ್ಟಿರಬೇಕೆಂದು ನಾನು ಊಹಿಸಿದ್ದೆ. ಅಲ್ಲ! ಸ್ಪಂಜು ಇದ್ದದ್ದು ಮುಂಭಾಗದಲ್ಲಿ. ಕೆಟ್ಟವೆಲ್ಲ ಹಿಂಬದಿಯ ಸಾಲಿನವು, ನೀರಿಗೆ ಅತಿದೂರದವು. ಇದು ನನಗೆ ಒಂದು ದಿನದ ನಿದ್ರೆಯನ್ನು ಕೆಡಿಸಿತು. ಮರುದಿನ ಅವರ ಮನೆಗೆ ಹೋಗಿ ಬೀರುವನ್ನು ನೋಡಿದೆ. ಗೋಡೆಯೊಳಗೇ ಕಟ್ಟಿದ ಹಳೆಯ ಬೀರು, ಹಿಂದಿನದು ಹೊರಗೋಡೆ, ಅದರ ಮೇಲೆ ಮಳೆ ಹೊಡೆಯುತ್ತದೆ. ಕೈಯಿಟ್ಟರೆ ತಣ್ಣಗಿತ್ತು. ಪೆಟ್ಟಿಗೆಯ ಬೆನ್ನು ಆ ಗೋಡೆಗೆ ಒತ್ತಿಕೊಂಡಿತ್ತು. ಉಷ್ಣಮಾಪಕವನ್ನಿಟ್ಟು ನೋಡಿದರೆ ಮುಂಭಾಗದಲ್ಲಿ ೨೨, ಹಿಂಭಾಗದಲ್ಲಿ ೨೦. ನೀರಾವಿ ಪೆಟ್ಟಿಗೆಯೆಲ್ಲ ಸಮವಾಗಿ ಹರಡಿತ್ತು. ಸಮವಾಗಿ ಹರಡಿದುದೇ ಕೇಡಾಯಿತು. ಅಷ್ಟೇ ಆವಿ ಬೆಚ್ಚನೆಯ ಮುಂಭಾಗದಲ್ಲಿ ಕಡಿಮೆ ಆರ್ದ್ರತೆಯಾಗಿಯೂ, ತಣ್ಣನೆಯ ಹಿಂಭಾಗದಲ್ಲಿ ಹೆಚ್ಚಿನ ಆರ್ದ್ರತೆಯಾಗಿಯೂ ವರ್ತಿಸಿತು. ಹಿಂದಿನ ಸಾಲಿನ ಎಲೆಗಳು ಎರಡು ತಿಂಗಳು ಸದ್ದಿಲ್ಲದೆ ನೀರು ಕುಡಿದವು.

“ಆದರೆ ಮಾಪಕದಲ್ಲಿ ೬೯ ಇತ್ತಲ್ಲ!” ಎಂದರು ಅವರು. ಆ ಮುಳ್ಳಿನ ಮಾಪಕವನ್ನೂ ಪರೀಕ್ಷಿಸಬೇಕಾಯಿತು. ಆರ್ದ್ರತೆಯನ್ನು ಅಳೆಯುವ ಉಪಕರಣಗಳಿಗೆ ದೊಡ್ಡ ಚರಿತ್ರೆಯಿದೆ. ಜಿನೀವದ ಪಂಡಿತ ಸೊಸ್ಸೂರ್ ಎಂಬಾತನು ತೇವದಲ್ಲಿ ಮನುಷ್ಯನ ಕೂದಲು ಉದ್ದವಾಗುವುದನ್ನೇ ಆಧಾರಮಾಡಿಕೊಂಡು ರಚಿಸಿದ ಮಾಪಕವನ್ನು ೧೭೮೩ರಲ್ಲಿ ತನ್ನ ಗ್ರಂಥದಲ್ಲಿ ವಿವರಿಸಿದನು. ಪೆಟ್ಟಿಗೆಗಳೊಡನೆ ಬರುವ ಅಗ್ಗದ ಮುಳ್ಳುಮಾಪಕಗಳಿಗೆ ಆ ಗೌರವ ಸಲ್ಲದು. ಅವು ಹೇಳುವುದನ್ನು ಒಮ್ಮೆಯೂ ಒರೆಹಚ್ಚದೆ ನಂಬಬಾರದು. ಒರೆಗಲ್ಲು ತಮ್ಮೆಲ್ಲರ ಅಡಿಗೆಮನೆಯಲ್ಲೇ ಇದೆ: ಉಪ್ಪು. ಒಂದು ಸಣ್ಣ ಬಟ್ಟಲಿನಲ್ಲಿ ಉಪ್ಪನ್ನು ಹಾಕಿ, ಕರಗಿಹೋಗದಂತೆ, ಒದ್ದೆಮರಳಿನ ಹದಕ್ಕೆ ಬರುವಷ್ಟೇ ನೀರು ಚಿಮುಕಿಸಬೇಕು. ಅದನ್ನೂ ಮಾಪಕವನ್ನೂ ಬಿಗಿಯಾದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಟ್ಟರೆ ಒಳಗಣ ಗಾಳಿ ಶೇಕಡ ೭೫ಕ್ಕೆ ಬಂದು ನಿಲ್ಲುತ್ತದೆ. ಚಳಿಗಾಲವಾಗಲಿ ಬೇಸಗೆಯಾಗಲಿ ಈ ಅಂಕಿ ಹೆಚ್ಚುಕಡಮೆ ಅಲುಗದು. ಸ್ನೇಹಿತರ ಮಾಪಕ ಬೆಳಿಗ್ಗೆ ೬೬ ಎಂದಿತು, ಒಂಬತ್ತು ಕಡಮೆ. ಹಾಗಾದರೆ ಅದು ೬೯ ಎಂದಾಗ ಮುಂಭಾಗದಲ್ಲಿದ್ದುದು ೭೮. ಎರಡು ಡಿಗ್ರಿ ತಣ್ಣಗಿರುವ ಹಿಂಬದಿಯಲ್ಲಿ ಲೆಕ್ಕಹಾಕಿದರೆ ೮೮. ಶೇಕಡ ೮೦ ದಾಟಿದರೆ ಬೂಷ್ಟಿಗೆ ಹಬ್ಬವಲ್ಲವೆ?

ಉಪ್ಪಿನ ಈ ಗುಣ ಪರೀಕ್ಷೆಗೆ ಮಾತ್ರವಲ್ಲ, ಪಾಲನೆಗೂ ಉಪಯೋಗ. ನೀರು ತುಂಬಿದ ಸ್ಪಂಜು ದಾನಶೂರ; ಕೊಡುವುದೊಂದೇ ಬಲ್ಲದು, ಗಾಳಿ ನೂರಕ್ಕೆ ಮುಟ್ಟುವವರೆಗೂ ಕೊಡುತ್ತಲೇ ಇರುವುದು. ಕರಗದೆ ಉಳಿದ ಉಪ್ಪಿನೊಡನೆ ಇರುವ ದ್ರಾವಣವಾದರೋ ವ್ಯಾಪಾರಿ. ಗಾಳಿ ಒಣಗಿದರೆ ನೀರು ಕೊಡುವುದು, ಮಿತಿಮೀರಿದರೆ ಹಿಂದಕ್ಕೆ ತೆಗೆದುಕೊಳ್ಳುವುದು. ಅಡಿಗೆಯ ಉಪ್ಪು ನಿಲ್ಲಿಸುವ ೭೫ ಚುಟ್ಟಕ್ಕೆ ಹೆಚ್ಚು. ಬೇರೆ ಬೇರೆ ಲವಣಗಳಿಗೆ ಬೇರೆ ಬೇರೆ ನಿಲುಗಡೆಯುಂಟು. ಆವಿಯನ್ನು ಬಿಟ್ಟು ನೀರನ್ನು ಬಿಡದ ತೆಳುಪೊರೆಯ ಸಣ್ಣ ಚೀಲಗಳಲ್ಲಿ ಇಂತಹ ದ್ರಾವಣಗಳನ್ನು ತುಂಬಿ, ೬೫, ೬೯, ೭೨ ಎಂದು ಅಂಕಿ ಹಾಕಿ ಈಗ ಮಾರುತ್ತಾರೆ. ಸಣ್ಣ ಪೆಟ್ಟಿಗೆಗೆ ಇದಕ್ಕಿಂತ ಸುಲಭವಾದ ಉಪಾಯವನ್ನು ನಾನು ಕಾಣೆ. ಸ್ಪಂಜನ್ನೇ ಇಡುವವರು ಬಟ್ಟಿಯಿಳಿಸಿದ ನೀರನ್ನೇ ಬಳಸಬೇಕು. ನಲ್ಲಿಯ ನೀರಿನ ಸುಣ್ಣ ಅದರ ರಂಧ್ರಗಳನ್ನು ಕಟ್ಟಿಬಿಡುತ್ತದೆ.

ನಮ್ಮ ನಾಡಿನ ಹವೆಗೆ ಒಂದೇ ಸೂತ್ರ ಹೊಂದುವುದಿಲ್ಲವೆಂಬುದನ್ನೂ ಹೇಳಬೇಕು. ಯೂರೋಪಿನವರು ಬರೆದ ಸಲಹೆಗಳೆಲ್ಲ ತೇವವನ್ನು ಕೂಡಿಸುವ ಸಲಹೆಗಳು. ಬೆಂಗಳೂರಿನಲ್ಲಿ ಮಾರ್ಚಿ ತಿಂಗಳ ಮಧ್ಯಾಹ್ನ ಆರ್ದ್ರತೆ ಶೇಕಡ ೩೦ರ ಸುಮಾರಿಗೆ ಇಳಿಯುವುದುಂಟು. ಆಗ ಆ ಸಲಹೆ ಸರಿ. ಆಷಾಢದ ಮಂಗಳೂರಿನಲ್ಲಿ ೯೦ರ ಆಸುಪಾಸು. ಅಲ್ಲಿ ಪೆಟ್ಟಿಗೆಯನ್ನು ತೆರೆದು ಗಾಳಿಯಾಡಿಸುವುದೆಂದರೆ ಮಳೆಯನ್ನು ಒಳಗೆ ಕರೆದಂತೆ. ಅಲ್ಲಿ ಬೇಕಾದುದು ಬಿಗಿಯಾದ ಮುಚ್ಚಳ, ಹೀರಿಕೊಳ್ಳುವ ಸಿಲಿಕಾ ಹರಳು, ಮತ್ತು ನೀರಿನ ಪಾತ್ರೆಯನ್ನು ಮೂರು ತಿಂಗಳು ಹೊರಗಿಡುವ ವಿವೇಕ. ಹೊರಗಿನ ಗಾಳಿಯನ್ನು ಒಳಗೆ ಬಿಡುವುದು ಬೇರೆ, ಒಳಗಿನ ಗಾಳಿಯನ್ನು ಒಳಗೇ ತಿರುಗಿಸುವುದು ಬೇರೆ. ಗಾಳಿಯಾಡುವುದು ಎಂಬ ಒಂದೇ ಮಾತಿನಲ್ಲಿ ನಾವು ಇವೆರಡನ್ನೂ ಬೆರೆಸುವುದರಿಂದ ಬಹಳ ತಪ್ಪುಗಳಾಗುತ್ತವೆ.

ದೊಡ್ಡ ಬೀರುವಿಗೆ ಬೀಸಣಿಗೆ ಇಡುವವರಿಗೆ ನಾಲ್ಕು ಮಾತು. ಅದು ಮೆಲ್ಲಗೆ, ಆಗಾಗ ಸ್ವಲ್ಪ ಹೊತ್ತು ತಿರುಗಿದರೆ ಸಾಕು. ನೀರಿನ ಪಾತ್ರೆಯ ಮೇಲಿಂದ ಗಾಳಿಯನ್ನು ಎಳೆದು ಖಾಲಿಯಾದ ಕಡೆಗೆ ನೂಕಬೇಕು. ನೇರವಾಗಿ ಚುಟ್ಟಗಳ ಮುಖಕ್ಕೆ ಬೀಸಿದರೆ ಅವುಗಳ ಒಂದು ಮಗ್ಗುಲು ಬೇಗನೆ ಒಣಗೀತು ಅಥವಾ ನೆನೆದೀತು. ಬೀಸಣಿಗೆಯ ಯಂತ್ರವೂ ಬಿಸಿಯೇರುವುದರಿಂದ ಬಿಡುವಿಲ್ಲದೆ ತಿರುಗಿಸಿದರೆ ಅದೇ ಒಂದು ಒಲೆಯಾಗುತ್ತದೆ. ಹಲಗೆಗಳು ಪಟ್ಟಿಪಟ್ಟಿಯಾಗಿರಬೇಕು, ಹಿಂದೆ ಗೋಡೆಗೂ ಸಾಮಾನಿಗೂ ನಡುವೆ ಎರಡು ಬೆರಳಿನ ಎಡೆ ಬೇಕು. ಎಡೆಯಿಲ್ಲದೆ ಒಟ್ಟಿದ ಬೀರುವಿನಲ್ಲಿ ಎಷ್ಟು ಬೀಸಣಿಗೆಯಿದ್ದರೂ ಗಾಳಿಗೆ ದಾರಿಯಿಲ್ಲ. ನಮ್ಮ ಸಂತೆಯ ವೀಳ್ಯದೆಲೆಯ ವ್ಯಾಪಾರಿ ಯಾವ ಮಾಪಕವನ್ನೂ ಕಂಡವನಲ್ಲ. ಕಟ್ಟುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತುತ್ತಾನೆ, ಆದರೆ ಅಡಿಯದನ್ನು ಮೇಲಕ್ಕೂ ಮೇಲಿನದನ್ನು ಅಡಿಗೂ ತಿರುವುತ್ತಲೇ ಇರುತ್ತಾನೆ, ಕೊಳೆತ ಒಂದೆಲೆಯನ್ನು ಕಂಡಲ್ಲೇ ಕಿತ್ತೆಸೆಯುತ್ತಾನೆ. ಗಾಳಿಯನ್ನು ಎಲೆಯ ಬಳಿಗೆ ಕಳುಹಿಸುವ ಬದಲು ಎಲೆಯನ್ನೇ ಗಾಳಿಯ ಬಳಿಗೆ ಕಳುಹಿಸುವ ಈ ಉಪಾಯ ಸಣ್ಣ ಪೆಟ್ಟಿಗೆಗಳಿಗೆ ಬೀಸಣಿಗೆಗಿಂತ ಮೇಲು.

ಮರದ ಸಂಗತಿಯನ್ನು ಹೇಳದೆ ಬಿಡಲಾರೆ. ಒಳ್ಳೆಯ ಪೆಟ್ಟಿಗೆಗಳ ಒಳಗಡೆ ಹಾಸುವ ಮರಕ್ಕೆ ಸ್ಪಾನಿಷ್ ಸೀಡರ್ ಎನ್ನುತ್ತಾರೆ. ಅದು ಸ್ಪೇನಿನದೂ ಅಲ್ಲ, ದೇವದಾರುವಿನ ಜಾತಿಯೂ ಅಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕಗಳಲ್ಲಿ ಬೆಳೆಯುವ, ನಮ್ಮ ಬೇವಿನ ಕುಟುಂಬಕ್ಕೇ ಸೇರಿದ ವೃಕ್ಷ. ಪಶ್ಚಿಮಘಟ್ಟಗಳ ಗಂಧಗರಿಗೆಯ ಮರ ಅದಕ್ಕೆ ಹತ್ತಿರದ ನಂಟ. ಹಿಂದೆ ಸಸ್ಯಶಾಸ್ತ್ರಜ್ಞರು ಎರಡನ್ನೂ ಸೆಡ್ರೆಲ ಎಂಬ ಒಂದೇ ಹೆಸರಿನಲ್ಲಿ ಇಟ್ಟಿದ್ದರು. ಈ ಮರ ತೇವವನ್ನು ಹೀರಿ ಹಿಡಿದಿಟ್ಟು ಬೇಕಾದಾಗ ಬಿಡುತ್ತದೆ, ಸುಲಭವಾಗಿ ಬಾಗದು, ಕಂಪುಳ್ಳದ್ದು. ಹೊಸ ಪೆಟ್ಟಿಗೆಯ ಮರ ಬಾಯಾರಿರುವುದರಿಂದ, ಒಂದೆರಡು ವಾರ ಒಳಗೆ ನೀರಿನ ಬಟ್ಟಲಿಟ್ಟು ತಣಿಸಿದ ಮೇಲೆಯೇ ಚುಟ್ಟಗಳನ್ನಿಡಬೇಕು. ಇಲ್ಲದಿದ್ದರೆ ಅವುಗಳ ನೀರನ್ನೇ ಅದು ಕುಡಿಯುವುದು. ಒದ್ದೆಬಟ್ಟೆಯಿಂದ ಒರೆಸುವ ಅವಸರದ ಪದ್ಧತಿಯಿಂದ ಹಲಗೆ ಸೊಟ್ಟಗಾಗುವ ಸಂಭವವಿದೆ.

ಬೂಷ್ಟಿಗಿಂತ ಕೆಟ್ಟ ಶತ್ರು ಹೊಗೆಸೊಪ್ಪಿನ ಹುಳು. ಎಲೆಯೊಳಗೇ ಮೊಟ್ಟೆಯಾಗಿ ಅಡಗಿ ಬಂದು, ಬೆಚ್ಚಗಾದಾಗ ಒಡೆದು, ಸೂಜಿಯಿಂದ ಚುಚ್ಚಿದಂತೆ ತೂತು ಕೊರೆಯುತ್ತದೆ. ೧೮ ಡಿಗ್ರಿಗೆ ಕೆಳಗೆ ಅದರ ಬೆಳವಣಿಗೆ ಬಹುಮಟ್ಟಿಗೆ ನಿಂತುಹೋಗುವುದು. ನಮ್ಮ ಬೇಸಗೆಯಲ್ಲಿ ಅದಕ್ಕೆ ತಡೆಯಿಲ್ಲ. ಸೊನ್ನೆಗೆ ಇಪ್ಪತ್ತು ಡಿಗ್ರಿ ಕೆಳಗಿನ ಶೈತ್ಯದಲ್ಲಿ ಕೆಲವು ದಿನ ಇಟ್ಟು, ಆಮೇಲೆ ನಿಧಾನವಾಗಿ ಬೆಚ್ಚಗಾಗಲು ಬಿಟ್ಟರೆ ಮೊಟ್ಟೆಗಳು ಸಾಯುತ್ತವೆ. ಗಾಳಿ ತಿರುಗಿಸುವುದರಿಂದ ಇದಕ್ಕೆ ಏನೂ ಪ್ರಯೋಜನವಿಲ್ಲ.

ಸ್ನೇಹಿತರ ಪೆಟ್ಟಿಗೆಗೆ ಬೀಸಣಿಗೆಯನ್ನು ಇಡಲಿಲ್ಲ. ಬೂಷ್ಟು ಹಿಡಿದ ಏಳನ್ನು ಅವರು ಒಲ್ಲದ ಮನಸ್ಸಿನಿಂದ ಹಿತ್ತಲಲ್ಲಿ ಹುಗಿದರು. ಒಳಮರವನ್ನು ಒಣಬಟ್ಟೆಯಿಂದ ಒರೆಸಿ ಎರಡು ದಿನ ತೆರೆದಿಟ್ಟು ಆರಿಸಿದೆವು. ಸ್ಪಂಜನ್ನು ತೆಗೆದು ೬೫ರ ಚೀಲವೊಂದನ್ನು ತಳದಲ್ಲಿಟ್ಟೆವು. ಪೆಟ್ಟಿಗೆ ಈಗ ಹೊರಗೋಡೆಯನ್ನು ಬಿಟ್ಟು, ನಡುಮನೆಯ ಪುಸ್ತಕದ ಕಪಾಟಿನಲ್ಲಿ, ಬಿಸಿಲು ಬೀಳದ ತಟ್ಟಿನಲ್ಲಿದೆ. ಹನ್ನೊಂದನ್ನು ಎರಡು ಸಾಲಾಗಿ, ನಡುವೆ ಎಡೆಬಿಟ್ಟು ಮಲಗಿಸಿದ್ದಾರೆ. ತಿಂಗಳ ಮೊದಲನೆಯ ಭಾನುವಾರ ಹಿಂದಿನ ಸಾಲು ಮುಂದಕ್ಕೆ ಬರುತ್ತದೆ, ಮುಂದಿನದು ಹಿಂದಕ್ಕೆ ಹೋಗುತ್ತದೆ. ಉಳಿದ ಭಾನುವಾರಗಳಲ್ಲಿಯೂ ಅವರು ಮುಚ್ಚಳ ತೆರೆಯುತ್ತಾರೆಂದು ಅವರ ಮನೆಯವರು ನನಗೆ ಹೇಳಿದರು. ತೆರೆದರೆ ದೋಷವಿಲ್ಲವೆಂದು ನಾನು ಮೊದಲೇ ಹೇಳಿದ್ದೇನಷ್ಟೆ. ಹೋದ ವಾರ ನಾನು ನೋಡಿದಾಗ ಮಾಪಕ ೫೭ ತೋರಿಸುತ್ತಿತ್ತು. ಅದಕ್ಕೆ ಒಂಬತ್ತನ್ನು ಕೂಡಿಸಬೇಕೆಂದು ಅವರು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗಡೆ ಅಂಟಿಸಿದ್ದಾರೆ. ಮುಂದಿನ ಉಪ್ಪಿನ ಪರೀಕ್ಷೆ ಕಾರ್ತಿಕದಲ್ಲಿ.